ಮನುಷ್ಯರಿದ್ದಾರೆಂದು ತೋರಿಸಲು ಬ್ರಸೆಲ್ಸ್‌ಗೆ

ಶಿಗ್ಗಾಂವ, ಬೀಜದಂಗಡಿಯ ಮೇಲೆ

ನಾನು ಮತ್ತು ಮುಮ್ತಾಜ್ ಅಕ್ಕ ಬೆಲ್ಜಿಯಂ ದೇಶಕ್ಕೆ ಹೋಗಿದ್ದು ಕೋಟೆ, ಚರ್ಚು ನೋಡಲಿಕ್ಕಲ್ಲ. ನಾವು ಮನುಷ್ಯರು ಎಂದು ಅಲ್ಲಿಯವರಿಗೆ ತೋರಿಸಲಿಕ್ಕೆ. ಇದನ್ನು ಹೇಳಿದರೆ ನಮ್ಮ ಕಡೆಯವರು ನಗುತ್ತಾರೆ. ನಗಲಿ. ಹೋಗುವಾಗ ನಾವೂ ನಕ್ಕಿದ್ದೆವು.

ಶಿಗ್ಗಾಂವದಲ್ಲಿ ಹೈವೇ ಪಕ್ಕ, ಬೀಜ ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಹಾನಗಲ್, ಸವಣೂರು, ಹಿರೇಕೆರೂರು ಕಡೆಯಿಂದ ದಿನಾ ಬಸ್ಸಿಗೆ ಬರುವ ಹೆಣ್ಣುಮಕ್ಕಳು ಅಲ್ಲಿ ಕಂಪ್ಯೂಟರ್ ಮುಂದೆ ಕೂಡುತ್ತೇವೆ. ಎಲ್ಲರೂ ಡಿಗ್ರಿ ಆದವರು, ಹೆಚ್ಚಿನವರದು ಮನೆತನದಲ್ಲೇ ಮೊದಲ ಡಿಗ್ರಿ. ನಾನು ತಿಳವಳ್ಳಿಯವಳು, ಬಿ.ಕಾಂ. ಅಪ್ಪ ಹಾನಗಲ್ ಮಾರ್ಕೆಟ್ಟಿನಲ್ಲಿ ಚೀಲ ಹೊತ್ತು ನನ್ನನ್ನು ಓದಿಸಿದ. ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಹೇಳದೆ ಬಿಟ್ಟರೆ ನಾಚಿಕೆ.

ನಮ್ಮ ಕೆಲಸ ಇಷ್ಟೇ. ಯುರೋಪಿನಲ್ಲಿ ಅಂಗಡಿ, ಗೋದಾಮು, ವೃದ್ಧರ ಆರೈಕೆ ಕೇಂದ್ರ ಇಂಥ ಕಡೆ ಕೆಲಸಕ್ಕೆ ಜನ ಅರ್ಜಿ ಹಾಕುತ್ತಾರೆ. ಆ ಅರ್ಜಿಗಳನ್ನು ಮೊದಲು ಓದುವುದು ಕೃತಕ ಬುದ್ಧಿಮತ್ತೆಯ ಯಂತ್ರ. ಅದು ಬೇಕಾದವರನ್ನು ಒಂದು ಕಡೆ, ಬೇಡದವರನ್ನು ಒಂದು ಕಡೆ ಮಾಡುತ್ತದೆ. ಬೇಡ ಎಂದವರ ಅರ್ಜಿಗಳಲ್ಲಿ ಒಂದಷ್ಟು, ಹೆಸರು ಫೋಟೋ ಅಳಿಸಿಕೊಂಡು, ಇಂಗ್ಲಿಷಿಗೆ ತಿರುಗಿ, ನಮ್ಮ ಮುಂದೆ ಬರುತ್ತವೆ. ಯಂತ್ರ ಹೇಳಿದ್ದು ಸರಿ ಅನಿಸಿದರೆ ಒಂದು ಬಟನ್. ಇಲ್ಲ, ಇವರನ್ನು ಕರೆದು ಮಾತಾಡಿಸಿರಿ ಅನಿಸಿದರೆ ಇನ್ನೊಂದು ಬಟನ್.

ಇದೆಲ್ಲ ಯಾಕೆಂದರೆ ಯುರೋಪಿನವರು ಕಾಯ್ದೆ ಮಾಡಿದ್ದಾರೆ. ಮನುಷ್ಯರ ಅನ್ನದ ವಿಷಯ ಯಂತ್ರವೊಂದರ ಕೈಯಲ್ಲೇ ಇರಬಾರದು, ಮೇಲೆ ಮನುಷ್ಯರ ಕಣ್ಣಿರಬೇಕು, ಆ ಮನುಷ್ಯರಿಗೆ ತಿಳಿವಳಿಕೆ, ತರಬೇತಿ, ಅಧಿಕಾರ ಮೂರೂ ಇರಬೇಕು ಎಂದು. ನಮಗೆ ಈ ಕೆಲಸ ಕೊಟ್ಟ ಬ್ರಸೆಲ್ಸ್‌ನ ಕಂಪನಿಯವರು ತಮ್ಮ ಮಾರ್ಗಸೂಚಿಯಲ್ಲಿ ಇನ್ನೊಂದು ಸಾಲು ಸೇರಿಸಿದ್ದರು: ಪ್ರತಿ ಅರ್ಜಿಯನ್ನು ಇಬ್ಬರು ಪ್ರತ್ಯೇಕವಾಗಿ ನೋಡಬೇಕು.

ಆ 'ಪ್ರತ್ಯೇಕವಾಗಿ' ನಮ್ಮ ಕೋಣೆಯಲ್ಲಿ ಮೊದಲ ವಾರವೇ ಸತ್ತುಹೋಯಿತು. ನಮ್ಮ ಇಂಗ್ಲಿಷ್ ಅಷ್ಟಕ್ಕಷ್ಟೇ. ಒಬ್ಬರಿಗೆ ತಿಳಿಯದ್ದನ್ನು ಇನ್ನೊಬ್ಬರು ಗಟ್ಟಿಯಾಗಿ ಓದಿ ಕನ್ನಡದಲ್ಲಿ ಹೇಳತೊಡಗಿದರು. ಊರಲ್ಲಿ ಯಾರಿಗಾದರೂ ಬ್ಯಾಂಕಿನ ನೋಟೀಸು ಬಂದರೆ ಕಟ್ಟೆಯ ಮೇಲೆ ಕೂತು ಓಣಿಗೆಲ್ಲ ಕೇಳುವ ಹಾಗೆ ಓದುವುದಿಲ್ಲವೇ, ಹಾಗೆ. ಕೇಳಿದ ಮೇಲೆ ಸುಮ್ಮನಿರುವವರು ಯಾರು?

"ನಡುವ ನಾಕು ವರ್ಷ ಖಾಲಿ ಐತಲ್ಲ, ಏನ ಮಾಡಿದ್ಲಂತ?"

"ಅತ್ತಿ ಹಾಸಿಗಿ ಹಿಡದಿರಬೇಕು. ಇನ್ನೇನ ಮಾಡಿರ್ತಾಳ?"

"ಅವರ ದೇಶದಾಗೂ ಅತ್ತಿ ಇರ್ತಾರ?"

"ಅತ್ತಿ ಇಲ್ಲದ ದೇಶ ಎಲ್ಲೈತಿ, ಹೇಳ, ನಾನೂ ಅಲ್ಲೇ ಹೋಗ್ತೇನಿ."

ಹೀಗೆ ವಾದ ನಡೆಯುತ್ತಿತ್ತು. ಕೊನೆಗೆ ಒಂದು ಮಾತಿಗೆ ಬಂದು ಇಬ್ಬರೂ ಅದೇ ಬಟನ್ ಒತ್ತುತ್ತಿದ್ದೆವು. ನಾಲ್ಕು ಮಂದಿ ಕೂಡಿ ಒಂದು ಮಾತಿಗೆ ಬರುವುದು ಒಳ್ಳೆಯದು ಎಂದೇ ನಮಗೆ ಹುಟ್ಟಿದಾಗಿನಿಂದ ಹೇಳಿಕೊಟ್ಟಿದ್ದಾರೆ. ನಮ್ಮಲ್ಲಿ ಬಹಳಷ್ಟು ಮಂದಿ ಕಂಡಕಂಡಲ್ಲಿ ಅರ್ಜಿ ಹಾಕಿ, ಹೌದು ಎಂದೂ ಇಲ್ಲ ಎಂದೂ ಉತ್ತರ ಕಾಣದವರು. ಬೇರೆಯವರ ಅರ್ಜಿಯನ್ನು ಅರ್ಧಕ್ಕೆ ಬಿಡುವುದು ನಮ್ಮಿಂದ ಆಗುತ್ತಿರಲಿಲ್ಲ.

ಕಾಯ್ದೆ ಪೂರ್ತಿ ಮೈಮೇಲೆ ಬರುವ ಮೊದಲೇ ಹೊರಗಿನವರಿಂದ ತಪಾಸಣೆ ಮಾಡಿಸಿಕೊಳ್ಳೋಣ ಎಂದು ಬ್ರಸೆಲ್ಸ್‌ನ ಕಂಪನಿ ಯೋಚಿಸಿತು. ತಪಾಸಣೆ ಮಾಡುವವರು, ಅರ್ಜಿ ನೋಡುವ ಆ ಇಬ್ಬರು ಮನುಷ್ಯರನ್ನು ಎದುರಿಗೆ ಕೂರಿಸಿ ಎಂದರಂತೆ. ಹುಬ್ಬಳ್ಳಿಯಿಂದ ನಮ್ಮ ಮ್ಯಾನೇಜರ್ ವಿನಾಯಕ ಸರ್ ಬಂದು, ಒಂದೇ ಅರ್ಜಿಗಳನ್ನು ನೋಡುವ ಜೋಡಿ ಎಂದು ನನ್ನನ್ನೂ ಮುಮ್ತಾಜ್ ಅಕ್ಕನನ್ನೂ ಆರಿಸಿದರು.

"ಅಲ್ಲಿ ಹೋಗಿ ಭಾಳ ಮಾತಾಡಬ್ಯಾಡ್ರಿ. ಕೇಳಿದ್ದಕ್ಕಷ್ಟ ಹೇಳ್ರಿ. ಇದು ಪಾಸಾತಂದ್ರ ಈ ಆಫೀಸ್ ಉಳೀತೈತಿ. ಇಲ್ಲಾಂದ್ರ ಕೆಳಗಿನ ಅಂಗಡಿಯವರಿಗೆ ಗೋಡಾವನ್ ಬೇಕಾಗೇತಂತ, ಕಾಯಾಕತ್ತಾರ."

ಮುಮ್ತಾಜ್ ಅಕ್ಕ ಸವಣೂರಿನವಳು. ನನಗಿಂತ ಬಹಳ ದೊಡ್ಡವಳು. ಮಗಳನ್ನು ಮದುವೆ ಮಾಡಿಕೊಟ್ಟ ಮೇಲೆ ಬಿ.ಎ. ಪರೀಕ್ಷೆ ಕಟ್ಟಿ ಪಾಸಾದವಳು. ಕೋಣೆಯಲ್ಲಿ ಕೊನೆಯ ಮಾತು ಅವಳದೇ.

"ನಮ್ಮ ಕಡೆ ಕನ್ಯಾ ನೋಡಾಕ ವರನ ಕಡೆಯವರು ಬರ್ತಾರ್ರಿ ಸರ್. ಕನ್ಯಾನ ಗಂಟು ಕಟಗೊಂಡು ಹೋಗಿ ತೋರಸ್ಕೊಂಡು ಬರೂದು ಇದ ಮೊದಲ," ಎಂದಳು ಅವಳು.

ಕೋಣೆ ನಗೆಯಿಂದ ತುಂಬಿತು. ವಿನಾಯಕ ಸರ್ ಕೂಡ ನಕ್ಕರು.

ಬಾಗಿಲು

ಬ್ರಸೆಲ್ಸ್‌ನಲ್ಲಿ ನಾವು ಇಳಿದ ಮಧ್ಯಾಹ್ನ ಮಳೆ. ಮಳೆ ಅನ್ನಬಾರದು ಅದನ್ನು. ನಮ್ಮ ಮಳೆ ಬಂದರೆ ಬಂದೆ ಎನ್ನುತ್ತದೆ, ಹೋದರೆ ಹೋದೆ ಎನ್ನುತ್ತದೆ. ಇದು ಸಾಲ ಕೊಟ್ಟವನ ಹಾಗೆ ಸುಮ್ಮನೆ ಬಾಗಿಲಲ್ಲಿ ನಿಂತೇ ಇರುತ್ತದೆ. ಜನರಿಗೆ ಅದರ ಪರಿವೆಯಿಲ್ಲ. ಕೊಡೆ ಇದ್ದವರೂ ಬಿಚ್ಚುವುದಿಲ್ಲ.

ನಮಗೆ ಗೊತ್ತುಮಾಡಿದ್ದ ಹೋಟೆಲ್ ಸಿಕ್ಕಿತು. ಬೋರ್ಡು ಎರಡು ಭಾಷೆಯಲ್ಲಿತ್ತು. ಆ ಊರಿನಲ್ಲಿ ಎರಡು ಭಾಷೆಗಳಿಗೆ ಹಳೆಯ ಜಗಳವಂತೆ, ಬೆಳಗಾವಿ ನೆನಪಾಗಿ ಸ್ವಲ್ಪ ಸಮಾಧಾನವಾಯಿತು. ಬಾಗಿಲು ಮಾತ್ರ ತೆರೆಯಲಿಲ್ಲ. ಗಾಜಿನೊಳಗೆ ನೋಡಿದರೆ ಕುರ್ಚಿ, ಮೇಜು, ಹೂಕುಂಡ ಎಲ್ಲ ಇವೆ. ಮನುಷ್ಯರಿಲ್ಲ. ಗೋಡೆಯ ಮೇಲೊಂದು ಸಣ್ಣ ಯಂತ್ರ. ಅದರಲ್ಲಿ ಅಂಕಿ ಒತ್ತಿದರೆ ಬಾಗಿಲು ತೆರೆಯುತ್ತದಂತೆ. ಆ ಅಂಕಿ ಹೋಗಿದ್ದು ಬುಕ್ ಮಾಡಿದ ವಿನಾಯಕ ಸರ್ ಮೇಲ್‌ಗೆ. ವಿನಾಯಕ ಸರ್ ಯಾರದೋ ನಿಶ್ಚಯದ ಊಟದಲ್ಲಿದ್ದರು, ಫೋನ್ ಎತ್ತಲಿಲ್ಲ.

ಪಕ್ಕದಲ್ಲಿ ಹೋಗುತ್ತಿದ್ದ ಒಬ್ಬನನ್ನು ನಿಲ್ಲಿಸಿ ಕೇಳಿದೆ. ಅವನು ಬಹಳ ಸೌಜನ್ಯದಿಂದ, ಯಂತ್ರದ ಮೇಲೆ ಬರೆದ ಸೂಚನೆಯನ್ನು ನನಗೆ ಓದಿ ಹೇಳಿ, ಶುಭದಿನ ಎಂದು ಹೊರಟುಹೋದ. ಅಕ್ಕ ತನ್ನ ಒದ್ದೆ ಸೆರಗಿನಿಂದ ಯಂತ್ರದ ಮೇಲಿನ ನೀರು ಒರೆಸಿದಳು.

"ಯಂತ್ರದ ಮ್ಯಾಲೆ ಮನಿಶಾ ಇರಬೇಕಂತ ಕಾಯ್ದೆ ಮಾಡಿದ ಊರ ಇದ ಏನ?"

"ಇದ ಅಕ್ಕಾ."

"ಬಾಗ್ಲಾ ತಗ್ಯಾಕ ಒಬ್ಬ ಮನಿಶಾ ಇಲ್ಲಲ್ಲ. ಅದಕ್ಕ ನಮ್ಮನ್ನ ಶಿಗ್ಗಾಂವದಿಂದ ಕರಸ್ಯಾರ ನೋಡ."

ಎಷ್ಟೋ ಹೊತ್ತಿನ ಮೇಲೆ ಕಸದ ಚೀಲ ಹಿಡಿದು ಒಳಗಿನಿಂದ ಒಬ್ಬ ಹೆಂಗಸು ಬಂದಳು. ತಲೆಗೆ ಬಟ್ಟೆ ಕಟ್ಟಿದ್ದಳು. ಅಕ್ಕ ಸಲಾಂ ಎಂದಳು, ಅವಳೂ ಸಲಾಂ ಎಂದಳು. ನನಗೆ ಗೊತ್ತಿದ್ದ ಇಂಗ್ಲಿಷಿನಲ್ಲಿ ನಮ್ಮ ಪಾಡು ಹೇಳಿದೆ. ಅಂಕಿ ಇಲ್ಲದವರನ್ನು ಒಳಗೆ ಬಿಡುವಂತಿಲ್ಲ, ತನ್ನ ಕೆಲಸ ಹೋಗುತ್ತದೆ ಎಂದಳು. ಹೇಳುತ್ತ ಅಕ್ಕನ ಕಾಲು ನೋಡಿದಳು. ಅಕ್ಕ ಸವಣೂರಿನ ಬಜಾರಿನಲ್ಲಿ ಕೊಂಡ ಚಪ್ಪಲಿಯಲ್ಲೇ ಬಂದಿದ್ದಳು, ಪಾದ ಚಳಿಗೆ ನೀಲಿಯಾಗಿತ್ತು. ಹೆಂಗಸು ಬಾಗಿಲನ್ನು ತನ್ನ ಬೆನ್ನಿನಿಂದ ತಡೆಹಿಡಿದು, ಬೀದಿಯ ಕಡೆ ಮುಖಮಾಡಿ ನಿಂತಳು. ನೋಡಲಿಲ್ಲ ಎಂದು ಆಮೇಲೆ ಹೇಳಬಹುದಲ್ಲ. ನಾವು ಅವಳ ಹಿಂದಿನಿಂದ ಒಳಗೆ ಹೋದೆವು.

ಅವಳ ಹೆಸರು ನಯೀಮಾ. ಮೊರಾಕ್ಕೊ ಕಡೆಯವಳು, ಆ ಹೋಟೆಲಿನ ಕೋಣೆಗಳನ್ನು ಸ್ವಚ್ಛ ಮಾಡುವವಳು.

ರವಿವಾರ

ರವಿವಾರ ಅಲ್ಲಿ ಅಂಗಡಿಗಳು ಮುಚ್ಚಿರುತ್ತವೆ. ಟ್ರಾಮಿನಲ್ಲಿ ಊರು ಸುತ್ತಿದೆವು. ಒಬ್ಬರೂ ಮಾತಾಡುವುದಿಲ್ಲ. ನಮ್ಮ ಹಾವೇರಿ ಬಸ್ಸಿನಲ್ಲಾದರೆ ಸೀಟು ಸಿಗುವುದರೊಳಗೆ ಯಾವ ಊರು, ಯಾರ ಮನೆ, ಎಷ್ಟು ಮಕ್ಕಳು ಎಂಬುದೆಲ್ಲ ಮುಗಿದಿರುತ್ತದೆ. ಒಬ್ಬಾಕೆ ನಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದಳು. ಹತ್ತಿದವರೆಲ್ಲ ನಾಯಿಯ ತಲೆ ಸವರಿ ಕೂತರು. ನಮ್ಮನ್ನು ನೋಡಲಿಲ್ಲ.

"ಪಾಪ, ಅದಕ್ಕರ ಮಾತಾಡಸ್ತಾರಲ್ಲ," ಎಂದಳು ಅಕ್ಕ.

ಇಳಿದು ನಡೆಯುವಾಗ ಕೆಂಪು ಬಣ್ಣದ ದಾರಿಯ ಮೇಲೆ ಹೋಗುತ್ತಿದ್ದೆವು. ಹಿಂದಿನಿಂದ ಸೈಕಲ್ಲಿನ ಮುದುಕನೊಬ್ಬ ಬಂದು ಜೋರಾಗಿ ಬೈದ. ಅದು ಸೈಕಲ್ಲಿನವರ ದಾರಿಯಂತೆ. ನಾನು ಕ್ಷಮೆ ಕೇಳಿದೆ. ಅಕ್ಕ ಕೇಳಲಿಲ್ಲ. "ಬೈದನಲ್ಲ, ಛಲೋ ಆತು. ಬಂದಾಗಿಂದ ಮನಸಬಿಚ್ಚಿ ಮಾತಾಡಿದಾಂವ ಇಂವ ಒಬ್ಬನ." ಅವಳು ಅವನತ್ತ ಕೈಬೀಸಿದಳು. ಮುದುಕನಿಗೆ ಏನೂ ತಿಳಿಯದೆ ಅವನೂ ಕೈಬೀಸಿದ.

ಸಂಜೆ ನಯೀಮಾ ಕೆಲಸ ಮುಗಿಸಿ ಕೆಳಗೆ ಕೂತಿದ್ದಳು. ಅಕ್ಕ ಊರಿಂದ ತಂದ ಕುರುಕಲು, ಸವಣೂರು ಖಾರದ ಪೊಟ್ಟಣ ಬಿಚ್ಚಿದಳು. ನಯೀಮಾ ಒಂದು ಹಿಡಿ ಬಾಯಿಗೆ ಹಾಕಿ ಕಣ್ಣಲ್ಲಿ ನೀರು ತಂದುಕೊಂಡು ಇನ್ನೊಂದು ಹಿಡಿಗೆ ಕೈಹಾಕಿದಳು. ನಾವು ಮಾಡುವ ಕೆಲಸ ಏನೆಂದು ಕೇಳಿದಳು. ಹೇಳಿದೆ. ಅವಳ ಕೈ ಪೊಟ್ಟಣದಲ್ಲೇ ನಿಂತಿತು.

ಅವಳು ಮೊದಲು ಒಂದು ಶಾಲೆಯಲ್ಲಿ ಅಡುಗೆ ಮಾಡುತ್ತಿದ್ದಳಂತೆ. ತಾಯಿಗೆ ಕಾಯಿಲೆಯಾಗಿ ಬಿಟ್ಟಳು. ತಾಯಿ ಹೋದ ಮೇಲೆ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ಕೆಲಸಕ್ಕೆ ಅರ್ಜಿ ಕರೆದಿದ್ದರು, ಆ ಕೆಲಸ ತನಗೆ ಬರುತ್ತದೆ ಎಂದು ಹಾಕಿದಳು. ಫೋನಿನಲ್ಲೇ ಕಳಿಸಿ, ಚಹಾ ಸೋಸಿಕೊಂಡು ಕೂತಳಂತೆ. ಚಹಾ ಆರುವ ಮೊದಲೇ ಉತ್ತರ ಬಂತು: ನಿಮ್ಮ ಆಸಕ್ತಿಗೆ ಧನ್ಯವಾದ, ಈ ಸಲ ಆಗಲಿಲ್ಲ.

"ಅದನ್ನು ಯಾರಾದರೂ ಓದಿದ್ದರೇ?" ಎಂದು ನನ್ನನ್ನು ಕೇಳಿದಳು.

"ಓದಿರುತ್ತಾರೆ. ಇಬ್ಬರು ಓದುತ್ತಾರೆ. ಕಾಯ್ದೆ ಇದೆ," ಎಂದೆ ನಾನು. ಎದೆ ಉಬ್ಬಿಸಿಯೇ ಹೇಳಿದೆ.

ಅವಳು ಹೋದ ಮೇಲೆ ಅಕ್ಕ ಕೇಳಿದಳು, "ಅಲ್ಲ ರೇಣುಕಾ, ಚಹಾ ಆರೂದ್ರಾಗ ಉತ್ತರ ಬಂತಂದ್ರ, ನಮ್ಮಂಥವರು ಓದೂದು ಯಾವಾಗ?"

"ಅದು ಬ್ಯಾರೆ ಕಂಪನಿದು ಇರಬೇಕು ಅಕ್ಕಾ."

"ಇರಬೇಕು," ಎಂದಳು. ಪೊಟ್ಟಣದ ಬಾಯಿ ಮಡಚಿ ಮಡಚಿ ಸಣ್ಣದು ಮಾಡಿದಳು.

ಸೋಮವಾರ, ಗಾಜಿನ ಕೋಣೆ

ತಪಾಸಣೆಗೆ ಬಂದಾಕೆ ಎಲ್ಸ್ ಎಂಬ ವಕೀಲೆ. ನನ್ನದೇ ವಯಸ್ಸಿರಬೇಕು. ಕಂಪನಿಯ ಕಡೆಯಿಂದ ಪೀಟರ್ ಎಂಬುವನು, ನಗುಮುಖದ ಎತ್ತರದ ಮನುಷ್ಯ. ಸುತ್ತ ಗಾಜು, ಮುಂದೆ ನೀರು, ಬಿಸ್ಕೀಟು. ಊಟದ ಹೊತ್ತಿಗೆ ಎಲ್ಲರೂ ತಮ್ಮ ತಮ್ಮ ಚೀಲದಿಂದ ತಣ್ಣಗಿನ ಬ್ರೆಡ್ಡು ತೆಗೆದು, ತಮ್ಮ ತಮ್ಮ ಪರದೆ ನೋಡುತ್ತ ತಿಂದರು. ಒಬ್ಬರು ಇನ್ನೊಬ್ಬರಿಗೆ ತಗೋ ಅನ್ನಲಿಲ್ಲ. ನಾವು ಖಡಕ್ ರೊಟ್ಟಿ ಮುರಿದು ಶೇಂಗಾ ಚಟ್ನಿ ಹಚ್ಚಿ ಎಲ್ಸ್‌ಗೆ ಕೊಟ್ಟೆವು. ತಪಾಸಣೆ ಮುಗಿಯುವವರೆಗೆ ನಿಮ್ಮಿಂದ ಏನನ್ನೂ ತೆಗೆದುಕೊಳ್ಳುವಂತಿಲ್ಲ, ನಿಯಮ ಎಂದಳು. ಹೇಳಿ ರೊಟ್ಟಿಯನ್ನೇ ನೋಡುತ್ತಿದ್ದಳು.

ಮಧ್ಯಾಹ್ನ ಪ್ರಶ್ನೆ ಶುರುವಾಯಿತು. ತರಬೇತಿ ಆಗಿದೆಯೇ? ಆಗಿದೆ. ಯಂತ್ರ ಹೇಳಿದ್ದನ್ನು ಮೀರಬಹುದೆಂದು ಗೊತ್ತೇ? ಗೊತ್ತು. ನಾನು ಹೇಳುತ್ತಿದ್ದೆ, ಅಕ್ಕನಿಗೆ ಆಮೇಲೆ ಕನ್ನಡದಲ್ಲಿ ಹೇಳುತ್ತಿದ್ದೆ. ಪೀಟರ್ ತಲೆಯಾಡಿಸುತ್ತಿದ್ದ.

ಎಲ್ಸ್ ಪರದೆ ನಮ್ಮ ಕಡೆ ತಿರುಗಿಸಿದಳು. "ನೀವಿಬ್ಬರು ನೋಡಿದ ಅರ್ಜಿಗಳಲ್ಲಿ ಇಬ್ಬರ ತೀರ್ಮಾನವೂ ಒಂದೇ ಇದೆ. ಬೇರೆಯಾದದ್ದು ಒಂದೂ ಕಾಣುತ್ತಿಲ್ಲ. ನಿಜವೇ?"

"ನಿಜ," ಎಂದೆ. "ನಮ್ಮಿಬ್ಬರಲ್ಲಿ ಎಂದೂ ಭೇದ ಬಂದಿಲ್ಲ ಮೇಡಂ."

ಇದಕ್ಕಿಂತ ಒಳ್ಳೆಯ ಉತ್ತರ ನಮ್ಮೂರಲ್ಲಿ ಯಾರೂ ಕೊಡಲಾರರು. ಹೊರಗಿನವರ ಮುಂದೆ ಅತ್ತೆ ಸೊಸೆ, ಅಣ್ಣ ತಮ್ಮ ಎಲ್ಲರೂ ಇದನ್ನೇ ಹೇಳುವುದು. ಪೀಟರ್ ತಲೆಯಾಡಿಸುವುದು ನಿಂತಿತು.

"ಅಂದರೆ ಒಬ್ಬರು ನೋಡುತ್ತಾರೆ, ಇನ್ನೊಬ್ಬರು ಸುಮ್ಮನೆ ಒತ್ತುತ್ತಾರೆ?" ಎಂದಳು ಎಲ್ಸ್. ಗದರಲಿಲ್ಲ, ಕೇಳಿದಳಷ್ಟೇ.

"ಏನಂತಾಳ?" ಎಂದಳು ಅಕ್ಕ.

"ನಾವು ಜಗಳಾಡೂದ ಇಲ್ಲೇನ ಅಂತ ಕೇಳಾಕತ್ತಾಳ."

"ಇಲ್ಲಂತ ಹೇಳಿದೇನ? ಅಯ್ಯ ಯವ್ವಾ! ಆ ಲಾರಿ ಡ್ರೈವರನ ಅರ್ಜಿ ಮುಗಿಸೂದ್ರಾಗ ಮೂರು ಸಲ ಚಹಾ ಆತಲ್ಲ! ನೀ ಬ್ಯಾಡಂದಿ, ನಾ ಬೇಕಂದೆ. ನನ್ನ ಬಾಜೂಕಿನ ಕುರ್ಚಿ ಬಿಟ್ಟ ಎದ್ದ ಹೋಗಿದ್ದಿ!"

ನಾನು ಅದನ್ನು ಇಂಗ್ಲಿಷಿಗೆ ತಂದೆ. ಎಲ್ಸ್ ಮುಂದೆ ಬಾಗಿದಳು. "ಹಾಗಾದರೆ ಜಗಳ ಇದೆ. ಅದು ಎಲ್ಲಿದೆ? ದಾಖಲೆಯಲ್ಲಿ ಕಾಣುತ್ತಿಲ್ಲವಲ್ಲ."

"ಎಲ್ಲಿ ಅಂದರೆ? ಬಾಯಲ್ಲಿ ಆಡಿದ್ದು, ಅಲ್ಲೇ ಮುಗಿಯಿತು."

ಅವಳು ಬಹಳ ಹೊತ್ತು ಟೈಪ್ ಮಾಡಿದಳು. ನಾವು ಅಷ್ಟು ದಿನ ಕೂಡಿ ಓದಿದ್ದು, ವಾದಿಸಿದ್ದು, ಮುನಿದು ಮತ್ತೆ ಮಾತಾಡಿದ್ದು ಯಾವುದೂ ಲೆಕ್ಕಕ್ಕಿಲ್ಲ. ಯಂತ್ರಕ್ಕೆ ಕಂಡಿದ್ದು ಇಬ್ಬರು ಒಂದೇ ಬಟನ್ ಒತ್ತಿದ್ದು ಮಾತ್ರ. ದಾಖಲಾಗದ ಜಗಳ ಅವರಿಗೆ ಜಗಳವೇ ಅಲ್ಲ.

"ಆ ಲಾರಿ ಚಾಲಕನ ವಿಷಯ ಕೊನೆಗೆ ಏನಾಯಿತು?" ಎಂದಳು.

"ಕರೆಯಿರಿ ಎಂದೆವು. ಇಬ್ಬರೂ."

"ಕರೆದರೇ?"

ನನಗೆ ಗೊತ್ತಿರಲಿಲ್ಲ. ಕೇಳಬೇಕೆಂದು ಎಂದೂ ಹೊಳೆದಿರಲಿಲ್ಲ. ಕರೆಯಿರಿ ಎಂದ ಮೇಲೆ ಕರೆಯುತ್ತಾರೆ, ಅಷ್ಟೇ. ನಾವಿಬ್ಬರೂ ಪೀಟರ್ ಕಡೆ ನೋಡಿದೆವು.

"ಇವರ ಅಭಿಪ್ರಾಯಗಳು ಯಂತ್ರವನ್ನು ಸುಧಾರಿಸಲು ಬಹಳ ಬೆಲೆಯುಳ್ಳವು," ಎಂದ ಪೀಟರ್.

"ಅದು ನನ್ನ ಪ್ರಶ್ನೆಯಲ್ಲ. ಅರ್ಜಿದಾರರಿಗೆ ಉತ್ತರ ಯಾವಾಗ ಹೋಗುತ್ತದೆ?"

"ಕೂಡಲೇ."

"ಇವರು ಓದುವುದು?"

"ಆಮೇಲೆ."

"ಇವರಿಬ್ಬರೂ ಕರೆಯಿರಿ ಎಂದವರಲ್ಲಿ ಒಬ್ಬರನ್ನಾದರೂ ಕರೆದಿದ್ದೀರಾ?"

ಪೀಟರ್ ನೀರಿನ ಲೋಟ ಎತ್ತಿ, ಕುಡಿಯದೆ, ಮತ್ತೆ ಇಟ್ಟ. "ಈ ಹಂತದಲ್ಲಿ, ಇಲ್ಲ."

"ಏನಂದ?" ಎಂದಳು ಅಕ್ಕ.

ನನ್ನ ಡಿಗ್ರಿಯಲ್ಲಿ ನಾನು ಕಲಿತ ಇಂಗ್ಲಿಷಿನ ಮೇಲೆ ಅಂದಿನಷ್ಟು ಸಿಟ್ಟು ನನಗೆ ಎಂದೂ ಬಂದಿಲ್ಲ. ಅದು ಬಾರದಿದ್ದರೆ ನನಗೂ ತಿಳಿಯುತ್ತಿರಲಿಲ್ಲ, ಅವಳಿಗೂ ಹೇಳುವ ಪ್ರಸಂಗ ಇರುತ್ತಿರಲಿಲ್ಲ.

"ಯಾರನ್ನೂ ಕರದಿಲ್ಲಂತ ಅಕ್ಕಾ."

"ಡ್ರೈವರನ್ನ?"

"ಯಾರನ್ನೂ."

ಅಕ್ಕ ಮುಂದಿದ್ದ ಬಿಸ್ಕೀಟಿನ ತಟ್ಟೆಯನ್ನು ಬೆರಳಿನಿಂದ ಮೆಲ್ಲಗೆ ಪೀಟರ್ ಕಡೆ ತಳ್ಳಿದಳು.

ಸೋಮವಾರ, ಟ್ರಾಮಿನ ನಿಲ್ದಾಣ

ನಾವು ಟ್ರಾಮಿಗೆ ಕಾಯುತ್ತಿದ್ದಾಗ ಎಲ್ಸ್ ಬಂದು ನಮ್ಮ ಪಕ್ಕ ನಿಂತಳು. ನಿಲ್ಲಬಾರದೆಂದು ನಿಯಮವಿತ್ತೋ ಏನೋ, ಆಚೆ ಈಚೆ ನೋಡುತ್ತಿದ್ದಳು.

"ನನಗೆ ಬೇಸರವಾಗಿದೆ. ನೀವು ಆ ಪ್ರಾಮಾಣಿಕ ಉತ್ತರ ಕೊಡದಿದ್ದರೆ ನಾನು ಮುಂದಿನ ಪ್ರಶ್ನೆ ಕೇಳುತ್ತಲೇ ಇರಲಿಲ್ಲ," ಎಂದಳು.

ಹೊಗಳಿದಳೋ ಕೊಂದಳೋ ತಿಳಿಯಲಿಲ್ಲ. "ನೀವು ಈಗ ಏನು ಬರೆಯುತ್ತೀರಿ?" ಎಂದು ಕೇಳಿದೆ.

"ಕಂಡದ್ದನ್ನು. ಮನುಷ್ಯರ ಮೇಲ್ವಿಚಾರಣೆ ಹೆಸರಿಗಷ್ಟೇ ಇದೆ ಎಂದು. ಉತ್ತರ ಹೋಗುವ ಮೊದಲು ಓದುವವರಿರಬೇಕು, ಅವರ ಮಾತು ನಡೆಯಬೇಕು. ಅರ್ಜಿ ಹಾಕಿದವರಿಗೆ ಅಷ್ಟಾದರೂ ಸಿಗಬೇಕಲ್ಲ?"

ಸಿಗಬೇಕು. ನಾನು ನಯೀಮಾಳ ಚಹಾ ನೆನೆದೆ. ಎಲ್ಸ್ ಹೇಳಿದ್ದರಲ್ಲಿ ಒಂದು ಅಕ್ಷರ ತಪ್ಪಿರಲಿಲ್ಲ, ನನ್ನ ಸಂಕಟವೂ ಅದೇ. ಕಾಯ್ದೆ ಕೆಟ್ಟದ್ದಿದ್ದರೆ ಊರಿಗೆ ಬಂದು ಬೈದುಕೊಂಡು ಇರಬಹುದಿತ್ತು.

"ಹಾಗೆ ಬರೆದರೆ ಶಿಗ್ಗಾಂವದ ನಮ್ಮ ಕೋಣೆ?"

ಟ್ರಾಮ್ ಬಂತು. ಅವಳು ಹತ್ತುತ್ತ ಹೇಳಿದಳು, "ಅದು ನನ್ನ ವರದಿಯ ವ್ಯಾಪ್ತಿಗೆ ಬರುವುದಿಲ್ಲ."

ನಾವು ಮುಂದಿನ ಟ್ರಾಮಿಗೆ ಹೋದೆವು.

ಮಂಗಳವಾರ

ಬೆಳಿಗ್ಗೆ ಪೀಟರ್ ಕರೆದ. ಅವನೂ ರಾತ್ರಿ ನಿದ್ದೆ ಮಾಡಿದ ಹಾಗೆ ಕಾಣಲಿಲ್ಲ. ಕೆಟ್ಟವನಲ್ಲ ಅವನು. ಕೆಟ್ಟವರು ಯಾರೂ ಸಿಗಲಿಲ್ಲ ನಮಗೆ ಆ ಊರಿನಲ್ಲಿ, ಸಿಕ್ಕಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ತಪಾಸಣೆಯ ಮಾತನ್ನು ಕಂಪನಿ ಒಪ್ಪಿಕೊಂಡಿದೆಯಂತೆ. ಇನ್ನು ಮೇಲೆ ಉತ್ತರ ಕಳಿಸುವ ಮೊದಲೇ, ಇಲ್ಲೇ ಬ್ರಸೆಲ್ಸ್‌ನಲ್ಲಿ, ಅಧಿಕಾರವುಳ್ಳ ಒಬ್ಬರು ಓದುತ್ತಾರಂತೆ.

"ಒಬ್ಬರೇ?" ಎಂದೆ.

"ಒಬ್ಬರೇ. ಆದರೆ ಅವರಿಗೆ ಯಂತ್ರದ ಮಾತನ್ನು ತಳ್ಳಿಹಾಕುವ ಪೂರ್ತಿ ಅಧಿಕಾರ ಇರುತ್ತದೆ."

"ಆ ಅಧಿಕಾರ ನಮಗೇ ಕೊಟ್ಟರೆ?"

ಅವನು ನನ್ನ ಮುಖ ನೋಡಿದ. ಈ ಪ್ರಶ್ನೆಯನ್ನು ಅವನು ನಿರೀಕ್ಷಿಸಿರಲಿಲ್ಲ. ನಾನು ಹಟಮಾಡಿ ಕೂತೆ. ತರಬೇತಿ ನಮಗಿದೆ, ಓದುವುದು ನಮಗೆ ಗೊತ್ತಿದೆ, ಇನ್ನು ಮೇಲೆ ಬೇಕಾದರೆ ಬೇರೆ ಬೇರೆ ಗೋಡೆ ನೋಡಿ ಕೂತು ಓದುತ್ತೇವೆ, ಮೊದಲು ನಮಗೆ ಕಳಿಸಿ, ಆಮೇಲೆ ಉತ್ತರ ಕಳಿಸಿ ಎಂದೆ. ನಮ್ಮಪ್ಪ ದಲಾಲರ ಮುಂದೆ ಎಂದೂ ಇಷ್ಟು ಮಾತಾಡಿದವನಲ್ಲ. ನಾನು ಮಾತಾಡಲಿ ಅಂತಲೇ ಓದಿಸಿದ್ದ.

"ಅಧಿಕಾರ ಇರುವವರು ಹೊಣೆಯನ್ನೂ ಹೊರಬೇಕಾಗುತ್ತದೆ. ಅವರು ಇಲ್ಲಿರಬೇಕು," ಎಂದ ಪೀಟರ್, ಮೆಲ್ಲಗೆ.

ಹೊಣೆ ಹೊರಲು ನಮ್ಮ ಬೆನ್ನು ಸಾಲದಂತೆ. ಚೀಲ ಹೊರಲು ಮಾತ್ರ ಸಾಕಂತೆ. ಇದನ್ನು ಇಂಗ್ಲಿಷಿನಲ್ಲಿ ಹೇಳಲು ಬರಲಿಲ್ಲ, ಕನ್ನಡದ ಓದುಗರಿಗೆ ಹೇಳುತ್ತಿದ್ದೇನೆ.

ಹೊರಡುವಾಗ ಫೋಟೋ ತೆಗೆಯುವವನೊಬ್ಬ ಬಂದ. ಮನುಷ್ಯರ ಮೇಲ್ವಿಚಾರಣೆಯ ಬಗ್ಗೆ ಕಂಪನಿಯ ಪುಸ್ತಿಕೆಗೆ ಬೇಕಂತೆ, ಮೊದಲೇ ಗೊತ್ತುಮಾಡಿದ್ದಂತೆ. ಪೀಟರ್‌ಗೇ ನಾಚಿಕೆಯಾಗಿ, ಬೇಡವೆಂದರೆ ಬೇಡ ಎಂದ.

"ಏನಂತಾನ?"

"ನಮ್ಮ ಫೋಟೋ ಹಾಕ್ತಾರಂತ ಅಕ್ಕಾ. ಇಂಥಾ ಮನುಷ್ಯಾರು ಅದಾರ ನಮ್ಮ ಹಂತ್ಯಾಕ ಅಂತ ತೋರಸಾಕ."

ಅಕ್ಕ ಸೆರಗು ತಲೆಯ ಮೇಲೆ ಎಳೆದುಕೊಂಡು ಎದ್ದಳು. "ನಮ್ಮ ಊರಾಗ ಹೋದವರ ಫೋಟೋನ ಗ್ವಾಡಿಗೆ ಹಾಕೂದು, ಹೇಳ ಅವನಿಗೆ."

ನಾನು ಹೇಳಿದೆ. ಫೋಟೋದವನು ಕ್ಯಾಮೆರಾ ಚೀಲಕ್ಕೆ ಹಾಕಿದ.

ಮತ್ತೆ ಶಿಗ್ಗಾಂವ

ವಿಮಾನದಲ್ಲಿ ಅಕ್ಕ ಕೇಳಿದ್ದು ಒಂದೇ. "ಹೋಗಿ ಏನ ಹೇಳೂಣು?"

"ಆದದ್ದು ಹೇಳೂಣು."

"ಕೆಲಸಾ ಹೋತು ಅಂತ ಹೇಳೂಣು. ಅದನ್ನ ಮುಚ್ಚಾಕ ಬರೂದಿಲ್ಲ. ಇನ್ನೊಂದು ಹೇಳೂದು ಬ್ಯಾಡ. ಯಾರನ್ನೂ ಕರದಿಲ್ಲ ಅನ್ನೂದು ಅವರಿಗೆ ಯಾಕ ಬೇಕು? ಏನರ ಒಂದು ಛಲೋ ಕೆಲಸಾ ಮಾಡಿದ್ವಿ ಅಂತ ಮನಿಗೆ ಹೋಗಲಿ."

"ಸುಳ್ಳ ಹೇಳಿ ಕಳಸೂದು ಏನ ಅಕ್ಕಾ? ಅವರೇನ ಸಣ್ಣ ಹುಡುಗರ? ಡಿಗ್ರಿ ಆದವರು."

"ನಿನಗ ಡಿಗ್ರಿ ಆತು. ಬುದ್ಧಿ ಆಗಲಿಲ್ಲ," ಎಂದು ಅಕ್ಕ ಕಿಟಕಿಯ ಕಡೆ ತಿರುಗಿ ಕೂತಳು. ಹುಬ್ಬಳ್ಳಿ ಬರುವವರೆಗೂ ಒಂದು ಮಾತಿಗೆ ಬರಲಾಗಲಿಲ್ಲ ನಮಗೆ.

ಆಫೀಸಿಗೆ ಹೋದಾಗ ಕೆಳಗಿನ ಅಂಗಡಿಯವನು ಮೆಟ್ಟಿಲ ಅಗಲ ಅಳೆಯುತ್ತಿದ್ದ. ಸುದ್ದಿ ನಮಗಿಂತ ಮೊದಲೇ ಬಂದಿತ್ತು. ಯಾರೂ ಅಳುತ್ತಿರಲಿಲ್ಲ. ಟಿಫಿನ್ ಡಬ್ಬಿ, ಕುರ್ಚಿಯ ಮೇಲಿನ ದಿಂಬು, ಎಲ್ಲ ಚೀಲಕ್ಕೆ ಸೇರಿದ್ದವು. ನಾವು ತಂದ ಚಾಕಲೇಟು ದಾರಿಯಲ್ಲಿ ಕರಗಿ ಮತ್ತೆ ಗಟ್ಟಿಯಾಗಿ ಬೆಲ್ಲದ ಹೆಂಟೆಯ ಹಾಗಾಗಿತ್ತು. ಒಡೆದು ಹಂಚಿದೆವು.

ಹಿರೇಕೆರೂರಿನ ಸುನಂದಾ ನಮ್ಮಲ್ಲಿ ಎಲ್ಲರಿಗಿಂತ ಕಡಿಮೆ ಮಾತಿನವಳು. ಚಾಕಲೇಟು ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು:

"ಹೋಗಲಿ ಬಿಡ್ರಿ ಅಕ್ಕಾರ. ನಾವು ಕರೀರಿ ಅಂದವರು ಈಗ ಎಲ್ಲೆಲ್ಲಿ ಕೆಲಸಾ ಮಾಡಾಕತ್ತಾರಂತ? ಕೇಳಿದ್ರೇನ?"

"ಮಾಡಾಕತ್ತಾರವ್ವಾ. ಎಲ್ಲಾರೂ ಮಾಡಾಕತ್ತಾರ," ಎಂದಳು ಅಕ್ಕ.

"ಇಲ್ಲ," ಎಂದೆ ನಾನು. "ಒಬ್ಬರನ್ನೂ ಕರದಿಲ್ಲ. ನಾವು ಓದೂ ಮೊದಲ ಅವರಿಗೆ ಬ್ಯಾಡಂತ ಹೋಗಿರ್ತಿತ್ತು."

ಅಕ್ಕ ನನ್ನ ಕಡೆ ನೋಡಲಿಲ್ಲ. ಹಾನಗಲ್ಲಿನ ಒಬ್ಬ ಹುಡುಗಿ, "ಹಂಗಾರ ನಾವು ಇಷ್ಟ ದಿನಾ ಕುಂತ ಓದಿದ್ದು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಚೀಲದ ಜಿಪ್ಪು ಎಳೆದಳು. ಒಬ್ಬೊಬ್ಬರೇ ಬಸ್ಸಿನ ಹೊತ್ತಾಯಿತೆಂದು ಇಳಿದು ಹೋದರು. ನಾನು ಹೇಳಿದ್ದು ನಿಜ. ನಿಜ ಹೇಳಿದ್ದರಿಂದ ಆ ಕೋಣೆಯಲ್ಲಿ ಯಾರಿಗೂ ಏನೂ ಸಿಗಲಿಲ್ಲ, ನನಗೂ.

ಸುನಂದಾ ಮಾತ್ರ ಬಾಗಿಲ ಹತ್ತಿರ ನಿಂತಿದ್ದಳು. ಏನೋ ಲೆಕ್ಕ ಹಾಕುತ್ತಿದ್ದವಳ ಹಾಗೆ ಮುಖ ಮಾಡಿ ಕೇಳಿದಳು:

"ಅಂದ್ರ ಅಕ್ಕಾರ, ನಾ ಹಾಕಿದ್ನಲ್ರಿ ಅರ್ಜಿ, ಅಷ್ಟು ಕಡೆ... ಅವನ್ನೂ ಎಲ್ಲೋ ಒಂದು ಕ್ವಾಣ್ಯಾಗ ಯಾರರ ಕುಂತ ಓದಿರಬಹುದಲ್ರಿ? ಈಕಿನ್ನ ಕರೀರಿ ಅಂತ ಜಗಳಾಡಿರಬಹುದಲ್ಲ?"

"ಆಡಿರ್ತಾರವ್ವಾ," ಎಂದಳು ಮುಮ್ತಾಜ್ ಅಕ್ಕ. "ಭಾಳ ಜಗಳಾಡಿರ್ತಾರ."

ಸುನಂದಾ ನನ್ನ ಮುಖ ನೋಡಿದಳು.

ನಾನು ಇಲ್ಲ ಅನ್ನಲಿಲ್ಲ.